ಬೆಳ್ಳಗಾದ ಕಡಲ ಹೂವು ಚೆಂದವೇ?

ಸಮುದ್ರದಿಂದ ದೂರವಿರುವ ನಮ್ಮ ನ್ಯಾಮತಿಯಲ್ಲಿ ಮನೆಯ ಅಕ್ವೇರಿಯಂ ಎಂದರೆ ಸಾಮಾನ್ಯವಾಗಿ ಸಿಹಿನೀರಿನ ಗೋಲ್ಡ್ ಫಿಶ್. ಆದರೆ ದೊಡ್ಡ ನಗರದ ನೆಂಟರ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಕಂಡ ಮಕ್ಕಳು ನಮಗೂ ಬೇಕೆಂದು ಹಟ ಹಿಡಿಯುವುದುಂಟು. 2003ರ 'ಫೈಂಡಿಂಗ್ ನೀಮೋ' ಚಿತ್ರದಲ್ಲಿ ಪುಟ್ಟ ಕಿತ್ತಳೆ ಮೀನು ಅಡಗುವ 'ಹೂವು' ನೆನಪಿದೆಯೇ? ಅದೇ ಅನಿಮೋನ್. ಅದು ಗಿಡವಲ್ಲ, ಪ್ರಾಣಿ.

ಅದರ ಕಂದು ಬಣ್ಣ ಎಲ್ಲಿಂದ ಬರುತ್ತದೆ ಗೊತ್ತೇ? ಬರಿಗಣ್ಣಿಗೆ ಕಾಣದ ಪಾಚಿಗಳು ಅದರ ಮೈಯೊಳಗೆ ಬಾಡಿಗೆದಾರರಂತೆ ವಾಸಿಸುತ್ತವೆ. ಬೆಳಕಿನಿಂದ ಆಹಾರ ತಯಾರಿಸಿ, ಬಾಡಿಗೆಯಂತೆ ಅನಿಮೋನಿಗೂ ಕೊಡುತ್ತವೆ. ನೀರು ಅತಿಯಾಗಿ ಬಿಸಿಯಾದರೆ, ಬೆಳಕು ಸಾಲದಾದರೆ ಈ ಪಾಚಿಗಳು ಕಡಿಮೆಯಾಗಿ ಅನಿಮೋನ್ ಬೆಳ್ಳಗಾಗುತ್ತದೆ.

ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿರುವುದನ್ನು ಕಂಡು ಮಾರುಹೋಗಬೇಡಿ. ಅದು ಹಸಿದ ಜೀವ. ಕಡು ಹಳದಿ, ಗುಲಾಬಿ ಬಣ್ಣದ್ದಾದರೆ ಕೃತಕ ಬಣ್ಣ ಹಾಕಿರುವ ಸಾಧ್ಯತೆಯೂ ಇದೆ. ಈಗಾಗಲೇ ಮನೆಯಲ್ಲಿರುವ ಅನಿಮೋನ್ ಬಿಳುಪೇರಿದರೆ ನೀರಿನ ಶಾಖ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ಬೆಳಕನ್ನು ಒಮ್ಮೆಲೇ ಅಲ್ಲ, ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಸಿಗಡಿಯ ಸಣ್ಣ ಚೂರು ತಿನ್ನಿಸಿ. ಬಣ್ಣ ಮರಳಲು ಎಷ್ಟೋ ವಾರ, ತಿಂಗಳುಗಳೇ ಬೇಕಾಗಬಹುದು.

ಹವಳಗಳೂ ಇಂಥದೇ ಪಾಚಿಯನ್ನು ನಂಬಿ ಬದುಕುತ್ತವೆ. 1998ರಲ್ಲಿ, ಮತ್ತೆ 2024ರಲ್ಲಿ ಸಮುದ್ರ ಬಿಸಿಯೇರಿದಾಗ ಲಕ್ಷದ್ವೀಪದ ಹವಳಗಳು ಬೆಳ್ಳಗಾದವು. ಅಕ್ವೇರಿಯಂ ನೀರನ್ನು ತಣ್ಣಗಾಗಿಸಬಹುದು, ಸಮುದ್ರವನ್ನಲ್ಲ. ಆದ್ದರಿಂದ ಮಕ್ಕಳ ಹಟಕ್ಕೆ ಮಣಿಯುವ ಮುನ್ನ, ಆ ಜೀವವನ್ನು ದಿನವೂ ನೋಡಿಕೊಳ್ಳಲು ನಮ್ಮಿಂದಾದೀತೇ ಎಂದು ಮನೆಯವರೆಲ್ಲ ಕೂತು ಯೋಚಿಸಿರಿ.