ಪೆಟ್ಟಿಗೆ ಕೆಟ್ಟರೂ ತೆರೆಯಬೇಕಾದ ಪ್ರತಿ

ಮನೆಯ ರೂಟರಿಗೆ ಸಿಕ್ಕಿಸಿ ಇಡುವ, ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಹಿಡಿಸುವ ಪುಟ್ಟ ಪೆಟ್ಟಿಗೆಗೆ ನಾಸ್ ಎನ್ನುತ್ತಾರೆ. ಮದುವೆಯ ವಿಡಿಯೊ, ಸ್ಕ್ಯಾನ್ ಮಾಡಿದ ಹೊಲದ ಪಹಣಿ, ಮಕ್ಕಳ ಅಂಕಪಟ್ಟಿ, ಸ್ಟುಡಿಯೊದವರ ವರ್ಷಗಟ್ಟಲೆಯ ಫೋಟೊ, ಎಲ್ಲವನ್ನೂ ಅದಕ್ಕೆ ಒಪ್ಪಿಸಬಹುದು. ಪೆಟ್ಟಿಗೆಯ ಜೊತೆಗೇ ಕಂಪನಿಯ ಸಿಂಕ್ ಮತ್ತು ಬ್ಯಾಕಪ್ ಸಾಫ್ಟ್‌ವೇರ್ ಬರುತ್ತದೆ. ಗುಂಡಿ ಒತ್ತಿದರೆ ಹಸಿರು ಗುರುತು ಕಾಣುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆ ಅಪಾಯದ್ದು. ನಕಲು ಮಾಡಿದ ಸಾಫ್ಟ್‌ವೇರಿನ ಹಂಗಿಲ್ಲದೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಲು ಬಾರದ ಒಂದು ಪ್ರತಿಯನ್ನೇ ನೆಚ್ಚಿಕೊಂಡು ಕೂರಬಾರದು.

ಸಿಂಕ್ ಬ್ಯಾಕಪ್ ಅಲ್ಲ. ಎರಡು ಕಡೆ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಮೊಬೈಲಿನಲ್ಲಿ ಅಳಿಸಿದ್ದು ಪೆಟ್ಟಿಗೆಯಲ್ಲೂ ಅಳಿಯುತ್ತದೆ. ಬ್ಯಾಕಪ್ ಸಾಫ್ಟ್‌ವೇರೇ ಕೈಕೊಟ್ಟ ಉದಾಹರಣೆಯೂ ಇದೆ. 2021ರ ಏಪ್ರಿಲಿನಲ್ಲಿ ಕ್ಯುನ್ಯಾಪ್ ಕಂಪನಿಯ ಪೆಟ್ಟಿಗೆಗಳಿಗೆ ಕ್ಯುಲಾಕರ್ ಎಂಬ ಸುಲಿಗೆ ದಾಳಿ ನುಗ್ಗಿ, ಕಡತಗಳಿಗೆ ಪಾಸ್‌ವರ್ಡ್ ಬಿಗಿದು, ಬಿಡಿಸಲು 0.01 ಬಿಟ್‌ಕಾಯಿನ್ ಕೇಳಿತು. ಅದು ಒಳಬಂದ ದಾರಿಗಳಲ್ಲೊಂದು ಆ ಕಂಪನಿಯದೇ ಹೈಬ್ರಿಡ್ ಬ್ಯಾಕಪ್ ಸಿಂಕ್‌ನಲ್ಲಿದ್ದ ಲೋಪ. ಕಾಯಬೇಕಾದದ್ದೇ ಕಳ್ಳನಿಗೆ ಬಾಗಿಲಾಯಿತು. 2023ರ ಮಾರ್ಚಿನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಜಾಲಕ್ಕೆ ಕನ್ನ ಬಿದ್ದು, ಏಪ್ರಿಲಿನಲ್ಲಿ ಅದರ ಮೈ ಕ್ಲೌಡ್ ಸೇವೆ ದಿನಗಟ್ಟಲೆ ನಿಂತಿತು. ತಮ್ಮದೇ ಕೋಣೆಯ ಪೆಟ್ಟಿಗೆಯಲ್ಲಿದ್ದ ಫೋಟೊ ನೋಡಲೂ ಅನೇಕರಿಗೆ ಆಗಲಿಲ್ಲ, ಏಕೆಂದರೆ ಲಾಗಿನ್ ಆಗಲು ದೂರದ ಸರ್ವರ್ ಒಪ್ಪಬೇಕಿತ್ತು.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೂ ಒಂದು ತೊಡಕಿದೆ, ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನ, ಒತ್ತಿಗೆ ಬೇಕಾದ ವಿರಾಮ, ಸ್ವರಚಿಹ್ನೆ ಒಂದೊಂದಕ್ಕೂ ಮೂರು ಬೈಟ್. 'ಗೋಳಗುಮ್ಮಟ' ಎಂಬ ಒಂದೇ ಪದ 27 ಬೈಟ್ ತಿನ್ನುತ್ತದೆ. ಸಿನಾಲಜಿ ಕಂಪನಿಯ ಪೆಟ್ಟಿಗೆಯ ಎನ್‌ಕ್ರಿಪ್ಟ್ ಮಾಡಿದ ಫೋಲ್ಡರಿನಲ್ಲಿ ಕಡತದ ಹೆಸರಿಗಿರುವ ಮಿತಿ 143 ಬೈಟ್, ಅಂದರೆ ಕನ್ನಡದ 47 ಸಂಕೇತ ಮಾತ್ರ. ಊರು, ಮನೆತನ, ತಾರೀಖು ಸೇರಿಸಿ ಹೆಸರಿಟ್ಟರೆ ಮಿತಿ ದಾಟಿತು. ಇದಲ್ಲದೆ 'ಗೋ'ದಲ್ಲಿರುವ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಮ್ಯಾಕ್, ಲಿನಕ್ಸ್ ನಡುವೆ ಕಡತ ಓಡಾಡಿದಾಗ ಈ ಭೇದವನ್ನು ಗಮನಿಸದ ಸಿಂಕ್ ಒಂದೇ ಹೆಸರಿನ ಎರಡು ಫೋಲ್ಡರ್ ಹುಟ್ಟಿಸಬಲ್ಲದು. ಕನ್ನಡದ ಹೆಸರಿಟ್ಟು ಪರೀಕ್ಷಿಸದ ಸಾಫ್ಟ್‌ವೇರನ್ನು ಕನ್ನಡಿಗರ ಮನೆಗೆ ಮಾರುವುದು ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ.

ಒಂದೇ ಕಡೆ ಕೂಡಿಟ್ಟಿದ್ದಕ್ಕೆ ಏನಾಗಬಹುದೆಂದು ವಿಜಯಪುರಕ್ಕೆ ಗೊತ್ತು. ಆಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿ ಗ್ರಂಥಭಂಡಾರದ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ವಚನಗಳ ಕಟ್ಟುಗಳಾದರೋ ಮಠ, ಮನೆಗಳಲ್ಲಿ ಚದುರಿದ್ದವು. ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ, ಪಾಠ ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಮಾಡಿಸಿದರು. ಓದಲು ಲಿಪಿ ಬಲ್ಲವರಿದ್ದರೆ ಸಾಕಿತ್ತು, ಲಿಪಿಕಾರನ ಅಪ್ಪಣೆ ಬೇಕಿರಲಿಲ್ಲ.

ಕಂಪನಿಯ ಗುಂಡಿಯಾದರೂ ಇರುವುದರಿಂದ ಜನ ಬ್ಯಾಕಪ್ ಮಾಡುತ್ತಾರೆ, ಅದನ್ನೂ ಹೆದರಿಸಿ ಬಿಡಿಸಬೇಡಿ ಎನ್ನುವವರಿದ್ದಾರೆ. ಮಾತು ನಿಜ. ಸಿನಾಲಜಿಯ ಹೈಪರ್ ಬ್ಯಾಕಪ್ ಹಳೆಯ ಆವೃತ್ತಿಗಳನ್ನು ಕಡಿಮೆ ಜಾಗದಲ್ಲಿ ಇಡಲೆಂದೇ ತನ್ನದೇ ರೂಪ ಬಳಸುತ್ತದೆ; ಅದನ್ನು ಕಂಪ್ಯೂಟರಿನಲ್ಲಿ ತೆರೆಯುವ ಸಾಧನವನ್ನೂ ಕಂಪನಿ ಕೊಡುತ್ತದೆ. ದಿನದ ಬಳಕೆಗೆ ಅದಿರಲಿ. ಆದರೆ ಆ ಸಾಧನ ಎಷ್ಟು ವರ್ಷ ಸಿಗುತ್ತದೆಂಬುದು ಕಂಪನಿಯ ಕೈಯಲ್ಲಿದೆ, ಮದುವೆಯ ವಿಡಿಯೊ ಮೊಮ್ಮಕ್ಕಳಿಗೂ ಬೇಕು. ಎಲ್ಲವನ್ನೂ ಕ್ಲೌಡಿಗೆ ಏರಿಸಿದರಾಯಿತಲ್ಲ ಎಂದರೆ, ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಎಡೆಬಿಡದೆ ಸಿಕ್ಕರೂ 2 ಟೆರಾಬೈಟ್ ಏರಲು ಒಂಬತ್ತು ದಿನಕ್ಕೂ ಹೆಚ್ಚು ಬೇಕು. ನಡುವೆ ಕರೆಂಟ್ ಹೋಗಬಾರದು.

ಹಾಗಾಗಿ ಒಂದು ಯುಎಸ್‌ಬಿ ಡಿಸ್ಕಿಗೆ ಕಡತಗಳನ್ನು ಇದ್ದಂತೆಯೇ ನಕಲಿಸಿ, ಬಳಿಕ ಡಿಸ್ಕನ್ನು ಕಳಚಿಡಬೇಕು. ಲಿನಕ್ಸ್ ಬಲ್ಲವರು 1996ರಿಂದ ಬಳಕೆಯಲ್ಲಿರುವ ಆರ್‌ಸಿಂಕ್ ಬಳಸಬಹುದು, ಉಳಿದವರಿಗೆ ಕಾಪಿ, ಪೇಸ್ಟ್ ಸಾಕು. ಕಳ್ಳತನದ ಭಯವಿದ್ದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತೆರೆಯುವ ವೆರಾಕ್ರಿಪ್ಟ್ ಬೀಗ ಹಾಕಿ, ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿಡಿ. ಡಿಸ್ಕನ್ನು ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಇರುವ ನೆಂಟರ ಮನೆಯಲ್ಲಿಟ್ಟು, ಹಬ್ಬಕ್ಕೆ ಹೋದಾಗ ಅವರ ಕಂಪ್ಯೂಟರಿಗೆ ಸಿಕ್ಕಿಸಿ, ಉದ್ದದ ಕನ್ನಡ ಹೆಸರಿರುವ ಒಂದು ಫೋಲ್ಡರನ್ನೇ ಆರಿಸಿ ತೆರೆದು ನೋಡಿ.