ಒಬ್ಬ ಪ್ರೋಗ್ರಾಮರ್ ಮಾಡಿದ ತಪ್ಪಿಗೆ ರಾಕೆಟ್ ಛಿದ್ರವಾಯಿತೇ?

"ಕೋಡ್‌ನಲ್ಲಿ ಒಬ್ಬ ಪ್ರೋಗ್ರಾಮರ್ ಮಾಡಿದ ಒಂದೇ ತಪ್ಪಿಗೆ ಕೋಟ್ಯಂತರ ರೂಪಾಯಿಯ ರಾಕೆಟ್ ಭಸ್ಮ!" ಇಂಥ ಫಾರ್ವರ್ಡ್ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ರಾಕೆಟ್ ನಾಶವಾದದ್ದು ನಿಜ. "ಒಬ್ಬ" ಮತ್ತು "ಒಂದೇ ತಪ್ಪು" ಅನ್ನೋದು ಮಾತ್ರ ಸುಳ್ಳು.

ಆ ರಾಕೆಟ್ ಯುರೋಪಿನ ಏರಿಯಾನ್-5. 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಅದು ಮೊದಲ ಬಾರಿಗೆ ಹಾರಿತು. ಉಡಾವಣೆ ಶುರುವಾಗಿ ಸುಮಾರು 40 ಸೆಕೆಂಡಿಗೆ ದಾರಿ ತಪ್ಪಿ, ಆಕಾಶದಲ್ಲೇ ಚೂರಾಯಿತು. ಒಳಗೆ ಮನುಷ್ಯರಿರಲಿಲ್ಲ. ಕ್ಲಸ್ಟರ್ ಎಂಬ ಯೋಜನೆಯ 4 ವಿಜ್ಞಾನ ಉಪಗ್ರಹಗಳು ಹೋದವು.

ಆದದ್ದೇನು? ಹಳೇ ಸ್ಕೂಟರಿನ ಮೀಟರ್ ನೆನಪಿಸಿಕೊಳ್ಳಿ. ಐದು ಅಂಕಿಗಳ ಜಾಗದಲ್ಲಿ 99999 ದಾಟಿದರೆ ಮುಂದಿನ ಸಂಖ್ಯೆ ಹಿಡಿಸುವುದಿಲ್ಲ. ಕಂಪ್ಯೂಟರಿನಲ್ಲೂ ಪ್ರತಿ ಸಂಖ್ಯೆಗೆ ಇಂತಿಷ್ಟೇ ಜಾಗ. 16 ಬಿಟ್‌ಗಳ ಜಾಗದಲ್ಲಿ -32768ರಿಂದ 32767ರವರೆಗಿನ ಪೂರ್ಣಾಂಕ ಮಾತ್ರ ಹಿಡಿಯುತ್ತದೆ. ರಾಕೆಟ್ಟಿನ ಅಡ್ಡ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು ಆ ಜಾಗಕ್ಕೆ ತುರುಕಲು ಹೋದಾಗ ಅದು ಮಿತಿ ಮೀರಿತು. ಇದನ್ನೇ ಓವರ್‌ಫ್ಲೋ ಅನ್ನುತ್ತಾರೆ.

ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್‌ನ ದೋಷ ಇದಲ್ಲ. ತಮಾಷೆಯೆಂದರೆ, ಆಡಾ ಭಾಷೆಯಲ್ಲಿದ್ದ ಆ ತಂತ್ರಾಂಶ ತಪ್ಪನ್ನು ಹಿಡಿದೇಬಿಟ್ಟಿತ್ತು! ಆದರೆ ತಪ್ಪು ಕಂಡರೆ ಕಂಪ್ಯೂಟರ್ ಕೆಲಸ ನಿಲ್ಲಿಸಬೇಕು ಎಂದು ನಿಯಮ ಮಾಡಿದ್ದರು. ನಿಂತಿತು. ಬದಲಿಗೆಂದು ಇಟ್ಟಿದ್ದ ಎರಡನೇ ಕಂಪ್ಯೂಟರ್? ಅದರಲ್ಲೂ ಇದೇ ಕೋಡ್, ಅದು ಕ್ಷಣ ಮೊದಲೇ ಇದೇ ಕಾರಣಕ್ಕೆ ನಿಂತಿತ್ತು. ನಿಂತ ಯಂತ್ರ ಕಳಿಸಿದ ದೋಷ ವರದಿಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಎಂದೇ ನಂಬಿ ರಾಕೆಟ್ಟನ್ನು ತಿರುಗಿಸಿತು.

ತನಿಖಾ ಮಂಡಳಿ ಬಗೆದಷ್ಟೂ ಕಾರಣಗಳು ಹೊರಬಂದವು. ಕೋಡ್ ಏರಿಯಾನ್-4ರಿಂದ ಬಂದದ್ದು, ಅಲ್ಲಿ ಸರಿಯಾಗಿಯೇ ನಡೆದಿತ್ತು. ಏರಿಯಾನ್-5ರ ಅಡ್ಡ ವೇಗ ಐದು ಪಟ್ಟು ಬೇಗ ಏರುತ್ತಿತ್ತು. ಅಪಾಯವಿದ್ದ 7 ಸಂಖ್ಯೆಗಳ ಪೈಕಿ 4ಕ್ಕೆ ಮಾತ್ರ ರಕ್ಷಣೆ ಇತ್ತು. ಪ್ರೊಸೆಸರ್ ಮೇಲಿನ ಹೊರೆ ಶೇ. 80 ಮೀರಬಾರದೆಂದು ಉಳಿದ 3ನ್ನು ಬಿಟ್ಟದ್ದು ಹಲವು ಹಂತದವರು ಕೂಡಿ ಮಾಡಿದ ತೀರ್ಮಾನ. ಹೊಸ ರಾಕೆಟ್ಟಿನ ಪಥದ ಲೆಕ್ಕ ಹಾಕಿ ಆ ಉಪಕರಣವನ್ನು ಪರೀಕ್ಷಿಸಿರಲೂ ಇಲ್ಲ. ನನಗೆ ಹೆಚ್ಚು ಕೆಣಕಿದ್ದು ಇನ್ನೊಂದು: ಮಿತಿ ಮೀರಿದ ಆ ಲೆಕ್ಕದಿಂದ ಏರಿಯಾನ್-5ಕ್ಕೆ ನೆಲ ಬಿಟ್ಟ ಮೇಲೆ ಯಾವ ಉಪಯೋಗವೂ ಇರಲಿಲ್ಲ! ಹಳೆಯದರಲ್ಲಿ ಇತ್ತು, ಹಾಗೇ ಉಳಿದಿತ್ತು.

ಕ್ಲಸ್ಟರ್ ಉಪಗ್ರಹಗಳನ್ನು ಮತ್ತೆ ಕಟ್ಟಿ 2000ದಲ್ಲಿ ರಷ್ಯಾದ ಸೊಯುಜ್ ರಾಕೆಟ್‌ಗಳಲ್ಲಿ ಕಳಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ಇನ್ಸಾಟ್-3ಬಿ ಉಪಗ್ರಹವನ್ನು ಹೊತ್ತೊಯ್ದದ್ದು ದೋಷ ತಿದ್ದಿಕೊಂಡ ಇದೇ ಏರಿಯಾನ್-5.