ಮುತ್ತು ಕಟ್ಟಿದಾಗ ನಿನಗ ಎಷ್ಟು ವಯಸ್ಸ?

ಗೋಕಾಕ ಫಾಲ್ಸ್‌ಗೆ ಬಂದವರು 52 ಮೀಟರ್ ಎತ್ತರದಿಂದ ಬೀಳುವ ನೀರನ್ನೂ ಹಳೆಯ ನೂಲಿನ ಗಿರಣಿಯನ್ನೂ ನೋಡಿ, ಕರದಂಟು ಕಟ್ಟಿಸಿಕೊಂಡು ಮರಳುತ್ತಾರೆ. ಮಾನವ ಕಳ್ಳಸಾಗಣೆಯ ಬಗ್ಗೆ ಅಧ್ಯಯನ ಮಾಡಬೇಕೆಂಬ ಆಸೆಯಿರುವ ಹುಡುಗ–ಹುಡುಗಿಯರು ಇಷ್ಟಕ್ಕೇ ಮರಳಬಾರದು. ಅದೇ ತಾಲ್ಲೂಕಿನ ಘಟಪ್ರಭಾಕ್ಕೂ ಹೋಗಬೇಕು.

ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರ ಬಾಯಲ್ಲಿ ‘ಮಾಸ್’, ಇರುವುದು ಅಲ್ಲಿ. 1997ರಲ್ಲಿ ರೂಪುಗೊಂಡ ಈ ಸಂಸ್ಥೆ ದೇವದಾಸಿ ಬದುಕನ್ನು ಬಿಟ್ಟು ಬಂದ ಹೆಣ್ಣುಮಕ್ಕಳದೇ. ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಬೆನ್ನಿಗಿದ್ದವು. ಮಾಸ್ ಅನ್ನು ಮುನ್ನಡೆಸಿದ ಕಬ್ಬೂರಿನ ಸೀತವ್ವ ಜೋಡಟ್ಟಿಯವರನ್ನು ಕೊರಳಿಗೆ ಮುತ್ತು ಕಟ್ಟಿ ಯಲ್ಲಮ್ಮ ದೇವಿಗೆ ಬಿಟ್ಟಾಗ ಅವರಿಗೆ ಏಳು ವರ್ಷ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಘಟಪ್ರಭಾದಲ್ಲಿ ರೈಲು ಹತ್ತಿದರೆ ಮುಂದೆ ಮಹಾರಾಷ್ಟ್ರದ ಮೀರಜ. ಯಲ್ಲಮ್ಮನಿಗೆ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ಸಾಂಗ್ಲಿ, ಪುಣೆ, ಮುಂಬೈ ಕಡೆಯ ವೇಶ್ಯಾವಾಟಿಕೆ ಸೇರಿದರು. ಕರೆದೊಯ್ದವರು ಅಪರಿಚಿತರೇ ಆಗಿರಬೇಕೆಂದಿಲ್ಲ, ಬಳಗದವರೂ ಇರಬಹುದು. ಹಾಗಾದರೆ ಇದು ವಲಸೆಯೋ, ಸಾಗಣೆಯೋ? ಕಳ್ಳಸಾಗಣೆಯ ಅಧ್ಯಯನದ ಕಷ್ಟವೆಲ್ಲ ಈ ಪ್ರಶ್ನೆಯಲ್ಲಿದೆ. ವಿಶ್ವಸಂಸ್ಥೆಯ 2000ದ ಪಲೆರ್ಮೊ ಒಡಂಬಡಿಕೆ ಮಕ್ಕಳ ವಿಷಯದಲ್ಲಿ ಖಚಿತವಾಗಿದೆ: 18 ತುಂಬದವರನ್ನು ಶೋಷಣೆಗೆಂದು ಸಾಗಿಸಿದ್ದರೆ ಸಾಕು, ಬಲವಂತವೋ ಮೋಸವೋ ನಡೆಯಿತೆಂದು ತೋರಿಸಬೇಕಿಲ್ಲ. ಮಗು ಒಪ್ಪಿತ್ತು ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ವಿದ್ವಾಂಸರು ಈ ನೆಲಕ್ಕೆ ಬಹಳ ಹಿಂದೆಯೇ ಬಂದಿದ್ದಾರೆ. ದೇವದಾಸಿ ಪದ್ಧತಿಯ ಬಗ್ಗೆ ಜೋಗನ್ ಶಂಕರ್ ಅವರ ಸಮಾಜಶಾಸ್ತ್ರೀಯ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಅಮೆರಿಕದ ಲೂಸಿಂಡಾ ರಾಮ್‌ಬರ್ಗ್ 2014ರ ‘ಗಿವನ್ ಟು ದಿ ಗಾಡೆಸ್’ನಲ್ಲಿ ಬೇರೆಯೇ ದಾರಿ ಹಿಡಿದರು. ದೇವಿಯೊಂದಿಗಿನ ನಂಟನ್ನು ಮದುವೆಯೆಂದೇ ಗಂಭೀರವಾಗಿ ಕಾಣಬೇಕು, ದೇವಿಯ ಕುರುಹೆಂದು ಬೆಳೆಸಿದ ಜಡೆಯನ್ನು ಕತ್ತರಿಸುವ ಸುಧಾರಣೆ, ದೇವಿಗೆ ಬಿಟ್ಟ ಜೋಗತಿಯರಿಂದ ಕಸಿದುಕೊಂಡದ್ದೂ ಇದೆ ಎಂಬುದು ಅವರ ವಾದ. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಏಳು ವರ್ಷದ ಕೂಸಿನ ಕೊರಳು ಕಣ್ಣೆದುರು ಬಂದರೆ ನಾನು ಮಾಸ್‌ನ ಹೆಣ್ಣುಮಕ್ಕಳ ಕಡೆಗೇ ನಿಲ್ಲುತ್ತೇನೆ.

ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕರ್ನಾಟಕದ ಕಾಯ್ದೆ 1982ರದು. ಅನಂತರ 1993–94ರ ಸಮೀಕ್ಷೆಯಲ್ಲಿ 22,873 ಮಂದಿ, 2007–08ರದರಲ್ಲಿ 23,787 ಮಂದಿ, ಒಟ್ಟು 46,660 ದೇವದಾಸಿಯರನ್ನು ಸರ್ಕಾರ ಗುರುತಿಸಿತು. ಇಂಥ ಲೆಕ್ಕ ಕೇಳುವವರು ಯಾರು ಎಂಬುದರ ಮೇಲೂ ನಿಂತಿರುತ್ತದೆ. ಹಾಳೆ ಹಿಡಿದು ಬಂದವರು ಮದುವೆಯಾಗಿದೆಯೇ ಎಂದು ಕೇಳಿದರೆ ಮುತ್ತು ಕಟ್ಟಿಸಿಕೊಂಡವಳು ಹೌದೆನ್ನಲೂ ಆರಳು, ಇಲ್ಲವೆನ್ನಲೂ ಆರಳು. ತಾನೂ ಅದನ್ನು ಉಂಡವಳು ಅದೇ ಕಟ್ಟೆಯ ಮೇಲೆ ಬಂದು ಕೂತರೆ ಕೇಳುವುದೇ ಬೇರೆ: “ಯಕ್ಕಾ, ಮುತ್ತು ಕಟ್ಟಿದಾಗ ನಿನಗ ಎಷ್ಟು ವಯಸ್ಸ?”